ಮಂಕಾದ ಹೆಡ್‌ಲೈಟಿಗೆ ಮದ್ದೇನು?



ಗ್ರಾಮಸೇವಕನಾದವನು ಬೀಜ, ಗೊಬ್ಬರ, ಔಷಧಿಗಳ ಮಾತು ಬಿಟ್ಟು ಮೋಟಾರು ಗಾಡಿಯ ದೀಪದ ಮಾತಿಗೆ ಏಕೆ ಬಂದ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ನಾವು ಬೆಳೆದ ಪದಾರ್ಥದ ಬಹುಪಾಲು ಮಾರುಕಟ್ಟೆಗೆ ಹೋಗುವುದು ಕತ್ತಲಿನಲ್ಲಿಯೇ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತಿಗೆ ಗೂಡು ಮುಟ್ಟಬೇಕಾದರೆ, ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟು ಇಳಿಸಬೇಕಾದರೆ, ಕೋಳಿ ಕೂಗುವ ಮೊದಲೇ ಊರು ಬಿಡಬೇಕು. ಹೆರಿಗೆಯ ನೋವು, ಹಾವಿನ ಕಡಿತ ಇವೂ ಹಗಲು ನೋಡಿಕೊಂಡು ಬರುವುದಿಲ್ಲ. ಈಗ ಅನೇಕ ಮನೆಗಳಲ್ಲಿ ಹಳೆಯದೊಂದು ಕಾರೋ ಜೀಪೋ ಪಿಕಪ್ಪೋ ಇದೆ. ಗಾಡಿ ಹಳೆಯದಾದಂತೆ ಮೊದಲು ಕುಂದುವುದು ಅದರ ಕಣ್ಣು. ಆ ಕಣ್ಣನ್ನು ಹೇಗೆ ಸರಿಪಡಿಸಬೇಕು, ಹೇಗೆ ಸರಿಪಡಿಸಬಾರದು ಎಂಬುದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಮ್ಮ ಅಣ್ಣ ಒಂದು ಹಳೆಯ ಕಾರು ಕೊಂಡ. ಹಗಲಿನಲ್ಲಿ ಅದಕ್ಕೆ ಯಾವ ಕುಂದೂ ಇರಲಿಲ್ಲ. ರಾತ್ರಿ ಮಾತ್ರ ಅದರ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಕೆಂಪಗೆ ಉರಿಯುತ್ತಿದ್ದವು. ಒಂದು ನಸುಕಿನಲ್ಲಿ ಗೂಡಿನ ಚೀಲ ತುಂಬಿಕೊಂಡು ಹೋಗುತ್ತಿದ್ದಾಗ ಮುಂದೆ ಹೋಗುತ್ತಿದ್ದ ಹುಲ್ಲಿನ ಗಾಡಿ ಹತ್ತು ಮಾರು ಹತ್ತಿರ ಬರುವ ತನಕ ಕಣ್ಣಿಗೆ ಬೀಳಲಿಲ್ಲ. ದೇವರ ದಯೆ, ಬಚಾವಾದೆವು. ಮರುದಿನವೇ ಪೇಟೆಗೆ ಹೋಗಿ, ಅಂಗಡಿಯವರು ಹೊಗಳಿ ಕೊಟ್ಟ 100/90 ವ್ಯಾಟಿನ ಬಲ್ಬುಗಳನ್ನು ತಂದು ನನ್ನ ಕೈಯಾರೆ ಹಾಕಿದೆ. ಆ ರಾತ್ರಿ ರಸ್ತೆ ಹಗಲಿನಂತೆ ಕಂಡಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಹದಿನೈದು ದಿನದೊಳಗೆ ಎರಡು ಸಂಗತಿ ನಡೆದವು. ಡೇರಿಗೆ ಹಾಲು ತರುತ್ತಿದ್ದ ನಮ್ಮ ಊರಿನ ಹಿರಿಯರೊಬ್ಬರು ಎದುರಿನಿಂದ ಮೊಪೆಡ್ಡಿನಲ್ಲಿ ಬಂದರು. ನನ್ನ ದೀಪ ಅವರ ಕಣ್ಣಿಗೆ ಹೊಡೆದು ದಾರಿ ಕಾಣದೆ, ಕ್ಯಾನಿನ ಸಮೇತ ಮೋರಿಯ ಪಕ್ಕದ ಹಳ್ಳಕ್ಕೆ ಬಿದ್ದರು. ಹಾಲು ಚೆಲ್ಲಿತು, ಹೆಗಲ ಮೂಳೆ ಮುರಿಯಿತು. ಎತ್ತಿ ಕೂರಿಸಿದಾಗ ಅವರು ಬೈಯಲಿಲ್ಲ. "ನಿನಗೆ ದಾರಿ ಕಾಣಲಿ ಅಂತ ನನ್ನ ಕಣ್ಣು ಕಟ್ಟಿಬಿಟ್ಟೆಯಲ್ಲಪ್ಪಾ" ಎಂದರು, ಅಷ್ಟೇ. ಆಮೇಲೆ ನಾಲ್ಕು ದಿನಕ್ಕೆ, ತುಂಬಿದ ಗಾಡಿಯಲ್ಲಿ ಇಳಿಜಾರು ಇಳಿಯುವಾಗ ಸುಟ್ಟ ವಾಸನೆ ಬಂದು ಎರಡು ದೀಪಗಳೂ ಒಟ್ಟಿಗೆ ಆರಿಹೋದವು. ಬಲ್ಬಿನ ಹೋಲ್ಡರು ಕರಗಿ ಮುದ್ದೆಯಾಗಿತ್ತು.

ಗಾಡಿಯನ್ನು ಎಳೆಸಿಕೊಂಡು ಮೋಟಾರು ವೈರಿಂಗಿನಲ್ಲಿ ಪಳಗಿದ ಒಬ್ಬ ಮೇಸ್ತ್ರಿಯ ಬಳಿಗೆ ಹೋದೆ. ಅವರು ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳಿದರು: "ಲಾಟೀನು ಮಂಕಾದರೆ ನೀವು ಮೊದಲು ಗಾಜು ಒರೆಸುತ್ತೀರೋ, ಬತ್ತಿ ಎತ್ತುತ್ತೀರೋ ಸ್ವಾಮಿ?"

ಈ ಲೇಖನದ ಸಾರವೆಲ್ಲ ಆ ಪ್ರಶ್ನೆಯಲ್ಲಿದೆ. ಮಂಕಾದ ಹೆಡ್‌ಲೈಟಿಗೆ ಮದ್ದು ದೊಡ್ಡ ಬಲ್ಬಲ್ಲ. ಆ ದೀಪ ಹೊಸದಾಗಿದ್ದಾಗ ಎಷ್ಟು ಬೆಳಕು ಕೊಡುತ್ತಿತ್ತೋ ಅಷ್ಟನ್ನು ಮತ್ತೆ ಕೊಡುವಂತೆ ಮಾಡುವುದೇ ಮದ್ದು. ಅದಕ್ಕೆ ನಾಲ್ಕು ಹೆಜ್ಜೆಗಳಿವೆ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಆಮೇಲೆ.

ಎಷ್ಟು ದೂರ ಕಾಣಬೇಕು?

ಗಾಡಿ ನಿಲ್ಲಲು ಎಷ್ಟು ದೂರ ಬೇಕೋ ಅದಕ್ಕಿಂತ ಹೆಚ್ಚು ದೂರ ನಮಗೆ ಕಾಣಬೇಕು. ಮುಂದೆ ಅಡ್ಡಿಯನ್ನು ಕಂಡು, ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಸುಮಾರು ಒಂದೂವರೆ ಸೆಕೆಂಡು ಕಳೆದಿರುತ್ತದೆ. ಆ ಮೇಲೆ ಬ್ರೇಕು ಹಿಡಿದು ಗಾಡಿ ನಿಲ್ಲಬೇಕು. ಟೈರು ಚೆನ್ನಾಗಿದ್ದು ರಸ್ತೆ ಒಣಗಿರುವಾಗ, ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಇದಕ್ಕೆ ಒಟ್ಟು ಸುಮಾರು 27 ಮೀಟರು, 60ರಲ್ಲಿ ಸುಮಾರು 50 ಮೀಟರು, 80ರಲ್ಲಿ ಸುಮಾರು 75 ಮೀಟರು ಬೇಕು. ರಸ್ತೆ ಒದ್ದೆಯಾಗಿದ್ದರೆ, ಗಾಡಿಯಲ್ಲಿ ಭಾರವಿದ್ದರೆ ಇನ್ನೂ ಹೆಚ್ಚು. ನಿಮ್ಮ ದೀಪ 30 ಮೀಟರಿನಷ್ಟೇ ತೋರಿಸುತ್ತಿದ್ದು ನೀವು 60ರಲ್ಲಿ ಓಡಿಸುತ್ತಿದ್ದರೆ, ಕಣ್ಣು ಮುಚ್ಚಿಕೊಂಡು ಓಡಿಸಿದಂತೆಯೇ ಸರಿ. ಆದುದರಿಂದ ದೀಪ ರಿಪೇರಿಯಾಗುವ ತನಕ ವೇಗ ತಗ್ಗಿಸುವುದೇ ಮೊದಲ ಚಿಕಿತ್ಸೆ. ಅದಕ್ಕೆ ಕಾಸೂ ಬೇಕಿಲ್ಲ.

ದೀಪದೊಳಗೆ ಏನಿದೆ?

ಹಳೆಯ ಕಾರು, ಜೀಪು, ಪಿಕಪ್ಪುಗಳಲ್ಲಿ ಸಾಮಾನ್ಯವಾಗಿರುವುದು ಎಚ್4 ಎಂಬ ಹ್ಯಾಲೊಜನ್ ಬಲ್ಬು. ಇದು 12 ವೋಲ್ಟಿನದು, 60/55 ವ್ಯಾಟಿನದು. ಒಂದೇ ಬಲ್ಬಿನಲ್ಲಿ ಎರಡು ತಂತಿಗಳಿವೆ. 60 ವ್ಯಾಟಿನದು ದೂರದ ಬೆಳಕಿಗೆ, ನಾವು ಬ್ರೈಟ್ ಎನ್ನುವುದಕ್ಕೆ. 55 ವ್ಯಾಟಿನದು ತಗ್ಗಿದ ಬೆಳಕಿಗೆ, ನಾವು ಡಿಮ್ ಎನ್ನುವುದಕ್ಕೆ. ಡಿಮ್ ತಂತಿಯ ಕೆಳಗೆ ಬೊಗಸೆಯಂತೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಅದು ಬೆಳಕನ್ನು ಹಿಂದಿನ ಬೋಗುಣಿಗನ್ನಡಿಯ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಅಲ್ಲಿಗೆ ಬಡಿದ ಬೆಳಕು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆಯೇ ಹೊರತು ಎದುರಿನವರ ಕಣ್ಣಿಗೆ ಹೋಗುವುದಿಲ್ಲ. ಗೋಡೆಯ ಮೇಲೆ ಡಿಮ್ ಹಾಕಿ ನೋಡಿದರೆ, ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಗೆರೆ ಎಳೆದಂಥ ಅಂಚು ಕಾಣುವುದು ಇದೇ ಕಾರಣಕ್ಕೆ.

ಬಲ್ಬು, ಕನ್ನಡಿ, ಮುಂದಿನ ಗಾಜು ಈ ಮೂರೂ ಒಂದಕ್ಕೊಂದು ಲೆಕ್ಕ ಹಾಕಿ ಹೊಂದಿಸಿದಂಥವು. ತಂತಿ ಒಂದು ಮಿಲಿಮೀಟರಿನಷ್ಟು ಆಚೀಚೆಯಾದರೂ ಬೆಳಕು ದಿಕ್ಕು ತಪ್ಪುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಮೊದಲ ಹೆಜ್ಜೆ: ಗಾಜು ಒರೆಸುವುದು

ನಮ್ಮ ರಸ್ತೆಯ ಕೆಂಪು ಧೂಳು, ಹುಳುಗಳ ಕಲೆ, ಮಳೆಗಾಲದ ಕೆಸರು ಇವು ದೀಪದ ಮೇಲೆ ಪದರ ಕಟ್ಟುತ್ತವೆ. ಮೊದಲು ನೀರು ಹೊಯ್ದು ನೆನೆಯಲು ಬಿಡಿ. ಆಮೇಲೆ ಸೋಪಿನ ನೀರಿನಿಂದ ಮೆತ್ತನೆಯ ಬಟ್ಟೆಯಲ್ಲಿ ತೊಳೆಯಿರಿ. ಒಣ ಬಟ್ಟೆಯಿಂದ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ. ಮುಂದಿನ ದೊಡ್ಡ ಗಾಜನ್ನು ಹೊರಗೂ ಒಳಗೂ ಒರೆಸಿ. ಒಳಗಿನ ಜಿಡ್ಡು ಯಾರಿಗೂ ನೆನಪಿಗೆ ಬರುವುದಿಲ್ಲ. ಎದುರು ಗಾಡಿಯ ಬೆಳಕು ಹೊಡೆದಾಗ ಗಾಜೆಲ್ಲ ಬಿಳಿಚಿಕೊಳ್ಳುವುದು ಆ ಜಿಡ್ಡಿನಿಂದಲೇ.

ಇನ್ನು ದೀಪದ ಮುಖ ಯಾವುದರದೆಂದು ಉಗುರಿನಿಂದ ತಟ್ಟಿ ನೋಡಿ. ಹಳೆಯ ಜೀಪುಗಳ ಗುಂಡು ದೀಪಕ್ಕೆ ನಿಜವಾದ ಗಾಜು ಇರುತ್ತದೆ. ಅದು ಹಳದಿಯಾಗುವುದಿಲ್ಲ. ಈಚಿನ ಗಾಡಿಗಳ ದೀಪಕ್ಕೆ ಇರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಮೇಲಿನ ರಕ್ಷಣೆಯ ಲೇಪ ವರ್ಷಗಟ್ಟಲೆ ಬಿಸಿಲಿಗೆ ಸವೆದು, ಮುಖ ಹಳದಿಯಾಗಿ ಮಬ್ಬಾಗುತ್ತದೆ. ಆಗ ಬಲ್ಬು ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಬೆಳಕು ಒಳಗೇ ಚೆದರಿ, ಸ್ವಲ್ಪ ಮಾತ್ರ ರಸ್ತೆಗೆ ಹೋಗಿ, ಉಳಿದದ್ದು ಎದುರಿನವರ ಕಣ್ಣಿಗೆ ಹೋಗುತ್ತದೆ.

ಮಬ್ಬು ಹೊರಮುಖದಲ್ಲಿದ್ದರೆ ಪೇಂಟಿನ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಸಿಗುವ ಕಾಗದದಿಂದ ತೆಗೆಯಬಹುದು. ದೀಪದ ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ ಮರೆಮಾಡಿ. ನೀರು ಬಿಡುತ್ತ ಮೊದಲು 1000 ನಂಬರಿನ, ಆಮೇಲೆ 2000ದ, ಕೊನೆಗೆ 3000ದ ಕಾಗದದಿಂದ ಸಮನಾಗಿ ಉಜ್ಜಿ, ಪಾಲಿಷ್ ಕಾಂಪೌಂಡ್ ಹಾಕಿ ಹೊಳಪು ತರಬೇಕು. ಇಷ್ಟಕ್ಕೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಏಕೆಂದರೆ ಹಳೆಯ ರಕ್ಷಣೆಯ ಲೇಪವನ್ನೂ ನಾವು ಉಜ್ಜಿ ತೆಗೆದಿರುತ್ತೇವೆ. ಆದುದರಿಂದ ಕೊನೆಯಲ್ಲಿ ಬಿಸಿಲು ತಡೆಯುವ ಯುವಿ ಲೇಪವನ್ನು ಹಾಕಲೇಬೇಕು. ಹಲ್ಲುಪುಡಿ, ಪೇಸ್ಟುಗಳಿಂದ ಉಜ್ಜುವ ಉಪಾಯ ನಾಲ್ಕು ದಿನದ ಚೆಂದ ಮಾತ್ರ.

ಒಳಗಿನ ಬೋಗುಣಿಗನ್ನಡಿಯನ್ನು ಮಾತ್ರ ಮುಟ್ಟಬೇಡಿ. ಅದರ ಮೇಲಿರುವುದು ಅತಿ ತೆಳುವಾದ ಅಲ್ಯೂಮಿನಿಯಂ ಲೇಪ. ಬಟ್ಟೆ ತಾಗಿದರೂ ಅಳಿಯುತ್ತದೆ. ಅದು ಕಪ್ಪಾಗಿದ್ದರೆ, ತುಕ್ಕು ಹಿಡಿದಿದ್ದರೆ, ಒಳಗೆ ನೀರು ನಿಂತಿದ್ದರೆ ಇಡೀ ದೀಪವನ್ನೇ ಬದಲಾಯಿಸಬೇಕು. ಏಳು ಅಂಗುಲದ ಗುಂಡು ದೀಪವಾದರೆ ಇದು ಕಷ್ಟದ ಕೆಲಸವೇನಲ್ಲ.

ಎರಡನೆಯ ಹೆಜ್ಜೆ: ಬಲ್ಬು

ಹ್ಯಾಲೊಜನ್ ಬಲ್ಬಿನ ತಂತಿ ಟಂಗ್‌ಸ್ಟನ್ ಲೋಹದ್ದು. ಉರಿಯುವಾಗ ಅದು ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಒಳಗಿನ ಹ್ಯಾಲೊಜನ್ ಅನಿಲ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ಮುಟ್ಟಿಸುತ್ತದೆ. ಆದರೂ ಬಲ್ಬಿಗೆ ಮುಪ್ಪು ತಪ್ಪಿದ್ದಲ್ಲ. ಬುರುಡೆ ಕಪ್ಪು ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ, ತಂತಿ ಜೋತಿದ್ದರೆ, ಅದು ಹೋಗುವ ತನಕ ಕಾಯದೆ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಜೋಡಿಗೆ ಕೆಲವು ನೂರು ರೂಪಾಯಿ ಆದೀತು.

ಕೊಳ್ಳುವಾಗ ಗಾಡಿಯ ಕೈಪಿಡಿಯಲ್ಲಿ ಹೇಳಿದ ಜಾತಿಯನ್ನೇ, ಅದೇ ವ್ಯಾಟನ್ನೇ ಕೇಳಿ. ಬಲ್ಬಿನ ಬುಡದಲ್ಲಿ ಎಚ್4, 12 ವೋಲ್ಟ್, 60/55 ವ್ಯಾಟ್ ಎಂಬ ಗುರುತುಗಳಿರಬೇಕು. ನೀಲಿ ಬಣ್ಣದ ಬಲ್ಬು ಬೇಡ. ಆ ಬಣ್ಣ ಬೆಳಕನ್ನು ತಡೆಯುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಅದೇ ವ್ಯಾಟಿನಲ್ಲಿ ಹೆಚ್ಚು ಬೆಳಕು ಕೊಡುವ ಬಲ್ಬುಗಳೂ ಬರುತ್ತವೆ. ಅವು ಪ್ರಮಾಣಿತವಾಗಿದ್ದರೆ ಹಾಕಬಹುದು, ಆದರೆ ಅವುಗಳ ಆಯುಸ್ಸು ಕಡಿಮೆ.

ಹಾಕುವಾಗ ಬುರುಡೆಯನ್ನು ಬರಿಗೈಯಿಂದ ಮುಟ್ಟಬೇಡಿ. ಕೈಯ ಜಿಡ್ಡು ಕೂತ ಕಡೆ ಬಿಸಿ ಹೆಚ್ಚಾಗಿ ಬುರುಡೆ ಬೇಗ ಹಾಳಾಗುತ್ತದೆ. ಬುಡದ ಮೂರು ಕಿವಿಗಳು ತಮ್ಮ ತಮ್ಮ ಗುಂಡಿಯಲ್ಲಿ ಸರಿಯಾಗಿ ಕೂತಿವೆಯೇ ನೋಡಿ, ಆಮೇಲೆ ಕ್ಲಿಪ್ಪು ಹಾಕಿ. ಹಿಂದಿನ ರಬ್ಬರಿನ ಟೋಪಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ಧೂಳು, ನೀರು ಒಳಗೆ ಹೋಗಿ ಕನ್ನಡಿ ಕೆಡುತ್ತದೆ.

ಮೂರನೆಯ ಹೆಜ್ಜೆ: ವಿದ್ಯುತ್ತಿನ ಕಾಲುವೆ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹಳೆಯ ಗಾಡಿಗಳಲ್ಲಿ ರೋಗದ ಬೇರು ಇರುವುದು ಬಹಳ ಸಲ ಇಲ್ಲಿಯೇ.

ಕೆರೆ ತುಂಬಿದೆ, ತೂಬು ಎತ್ತಿದೆ, ಆದರೆ ಕೊನೆಯ ಗದ್ದೆಗೆ ನೀರು ಹತ್ತುವುದಿಲ್ಲ ಎಂದರೆ ನಾವು ಏನು ಮಾಡುತ್ತೇವೆ? ಕಾಲುವೆಯ ಉದ್ದಕ್ಕೂ ನಡೆದು, ಎಲ್ಲಿ ಹೂಳು ತುಂಬಿದೆ, ಎಲ್ಲಿ ಬದು ಒಡೆದಿದೆ ಎಂದು ನೋಡುತ್ತೇವೆ. ದೀಪದ ವಿಷಯವೂ ಹೀಗೆಯೇ. ಬ್ಯಾಟರಿ ಕೆರೆ, ಬಲ್ಬು ಕೊನೆಯ ಗದ್ದೆ. ನಡುವೆ ಸಣ್ಣ ವೈರು, ತುಕ್ಕು ಹಿಡಿದ ಕೂಡಿಕೆ, ಸವೆದ ಸ್ವಿಚ್ಚು, ಸಡಿಲವಾದ ಅರ್ಥಿಂಗ್ ಇವೆಲ್ಲ ಹೂಳಿದ್ದಂತೆ. ಹಲವು ಹಳೆಯ ಗಾಡಿಗಳಲ್ಲಿ ದೀಪದ ಕರೆಂಟೆಲ್ಲ ಸ್ಟಿಯರಿಂಗಿನ ಬಳಿಯ ಸ್ವಿಚ್ಚಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಮುಂದಕ್ಕೆ ಬರಬೇಕು. ಎರಡು ಡಿಮ್ ದೀಪಗಳಿಗೆ ಸುಮಾರು 9 ಆಂಪಿಯರ್ ಕರೆಂಟು ಬೇಕು. ಅಷ್ಟನ್ನು ಸವೆದ ದಾರಿಯಲ್ಲಿ ತಂದರೆ ದಾರಿಯಲ್ಲಿಯೇ ವೋಲ್ಟೇಜು ಸೋರಿಹೋಗುತ್ತದೆ.

ಸ್ವಲ್ಪ ವೋಲ್ಟೇಜು ಹೋದರೆ ಏನಾಯಿತು ಎನ್ನಬೇಡಿ. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜು ನೂರಕ್ಕೆ ಹತ್ತು ಪಾಲು ತಗ್ಗಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಪಾಲು ತಗ್ಗುತ್ತದೆ. ನಮ್ಮ ಕಾರಿಗೆ ಸರಿಯಾದ ಬಲ್ಬು ಹಾಕಿ, ಇಂಜಿನ್ನು ಓಡಿಸಿ, ದೀಪ ಹಚ್ಚಿ ಮೇಸ್ತ್ರಿ ಅಳೆದು ತೋರಿಸಿದರು. ಬ್ಯಾಟರಿಯಲ್ಲಿ 13.6 ವೋಲ್ಟು, ಬಲ್ಬಿನ ಬುಡದಲ್ಲಿ 11.8. ಅಂದರೆ ಬರಬೇಕಾದ ಬೆಳಕಿನಲ್ಲಿ ಐದಕ್ಕೆ ಮೂರು ಪಾಲು ಮಾತ್ರ ಬರುತ್ತಿತ್ತು. ಉಳಿದ ಎರಡು ಪಾಲನ್ನು ವೈರು ನುಂಗುತ್ತಿತ್ತು. ಇಂಥ ದಾರಿಗೆ ನಾನು ದೊಡ್ಡ ಬಲ್ಬು ಕಟ್ಟಿದ್ದೆ! ಡಿಮ್ಮಿನಲ್ಲಿ 90 ವ್ಯಾಟಿನ ಎರಡು ಬಲ್ಬುಗಳು 15 ಆಂಪಿಯರ್ ಎಳೆಯುತ್ತವೆ. ವೈರಿನಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹೋಲ್ಡರು ಕರಗದೆ ಇನ್ನೇನು ಮಾಡೀತು?

ಈಗ ಕೆಲಸದ ಕ್ರಮ ನೋಡಿ.

1. ಬ್ಯಾಟರಿಯ ಕಂಬಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಮೊದಲು ನೆಗೆಟಿವ್ ಕಡೆಯ ವೈರನ್ನು ಬಿಚ್ಚಿ, ಅಡಿಗೆ ಸೋಡ ಬೆರೆಸಿದ ನೀರಿನಿಂದ ತೊಳೆದು, ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನು ಸವರಿ. ಸೋಡದ ನೀರು ಬ್ಯಾಟರಿಯ ಒಳಗೆ ಹೋಗಬಾರದು.

2. ದೀಪ ಉರಿಯುತ್ತಿರುವಾಗ ಇಂಜಿನ್ನಿನ ವೇಗ ಹೆಚ್ಚಿಸಿ ನೋಡಿ. ಬೆಳಕು ಎದ್ದು ಕಾಣುವಷ್ಟು ಏರಿದರೆ ಬ್ಯಾಟರಿಯನ್ನೂ ಚಾರ್ಜಿಂಗನ್ನೂ ಬೆಲ್ಟನ್ನೂ ಪರೀಕ್ಷೆ ಮಾಡಿಸಿ. ಇಂಜಿನ್ನು ಓಡುವಾಗ ಬ್ಯಾಟರಿಯಲ್ಲಿ ಸಾಧಾರಣವಾಗಿ 13.5ರಿಂದ 14.5 ವೋಲ್ಟಿನವರೆಗೆ ಇರಬೇಕು.

3. ದೀಪದಿಂದ ಗಾಡಿಯ ಮೈಗೆ ಹೋಗುವ ಅರ್ಥಿಂಗ್ ವೈರನ್ನು ಬಿಚ್ಚಿ, ತುಕ್ಕನ್ನೂ ಬಣ್ಣವನ್ನೂ ಕೆರೆದು, ಲೋಹಕ್ಕೆ ಲೋಹ ಕೂರುವಂತೆ ಬಿಗಿಮಾಡಿ. ಒಂದು ದೀಪ ಮಾತ್ರ ಮಂಕಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

4. ಹೋಲ್ಡರು ಕಂದಿದ್ದರೆ, ಸಡಿಲವಾಗಿದ್ದರೆ ಹೊಸದನ್ನು ಹಾಕಿ.

5. ಮಲ್ಟಿಮೀಟರಿನಿಂದ ಬ್ಯಾಟರಿಯಲ್ಲಿಯೂ ಬಲ್ಬಿನ ಬುಡದಲ್ಲಿಯೂ ದೀಪ ಉರಿಯುತ್ತಿರುವಾಗಲೇ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟು ದಾಟಿದ್ದರೆ ರಿಲೇ ಹಾಕಿಸುವುದು ಒಳ್ಳೆಯದು.

ರಿಲೇ ಎಂದರೆ ಬೇರೇನೂ ಅಲ್ಲ, ನಿಮ್ಮ ಪಂಪುಸೆಟ್ಟಿನ ಸ್ಟಾರ್ಟರಿನ ಚಿಕ್ಕ ತಮ್ಮ. ಸ್ವಿಚ್ಚಿನ ಸಣ್ಣ ಕರೆಂಟು ರಿಲೇಯನ್ನು ಎಬ್ಬಿಸುತ್ತದೆ. ರಿಲೇಯು ಬ್ಯಾಟರಿಯಿಂದ ನೇರವಾಗಿ, ದಪ್ಪ ವೈರಿನಲ್ಲಿ ದೀಪಕ್ಕೆ ದೊಡ್ಡ ಕರೆಂಟು ಬಿಡುತ್ತದೆ. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು ಬೇಕು. ವೈರು 2.5 ಚದರ ಮಿಲಿಮೀಟರಿನ ಎಳೆಯ ತಾಮ್ರದ್ದಾಗಿರಲಿ. ಬ್ಯಾಟರಿಯಿಂದ ಗೇಣುದ್ದದೊಳಗೆ ಫ್ಯೂಸು ಇರಲೇಬೇಕು. ಫ್ಯೂಸಿಲ್ಲದ ವೈರು ಉಜ್ಜಿ ಮೈಗೆ ತಾಗಿದರೆ ಗಾಡಿಗೆ ಬೆಂಕಿ ಹತ್ತುತ್ತದೆ. ಎಡ ಬಲ ದೀಪಗಳಿಗೆ 10 ಆಂಪಿಯರಿನ ಫ್ಯೂಸನ್ನು ಬೇರೆ ಬೇರೆ ಹಾಕಿಸಿದರೆ ಇನ್ನೂ ಒಳ್ಳೆಯದು. ಒಂದು ಹೋದರೂ ಇನ್ನೊಂದು ಉರಿಯುತ್ತಿರುತ್ತದೆ. ಈ ಕೆಲಸವನ್ನು ತಿಳಿದ ಮೇಸ್ತ್ರಿಯಿಂದಲೇ ಮಾಡಿಸಿ. ಈಚಿನ ಅನೇಕ ಗಾಡಿಗಳಲ್ಲಿ ರಿಲೇ ಮೊದಲೇ ಇರುತ್ತದೆ, ಕೆಲವದರಲ್ಲಿ ದೀಪವನ್ನು ಕಂಪ್ಯೂಟರೇ ನಡೆಸುತ್ತದೆ. ಅಂಥ ಗಾಡಿಯ ವೈರನ್ನು ಕತ್ತರಿಸಬಾರದು. ಕಂಪೆನಿಯ ಸರ್ವೀಸಿಗೇ ಒಯ್ಯಿರಿ.

ನಮ್ಮ ಕಾರಿಗೆ ಹಳೆಯ 60/55ರ ಜಾತಿಯ ಬಲ್ಬೇ ಇತ್ತು. ರಿಲೇ ಹಾಕಿ, ಅರ್ಥಿಂಗ್ ಸರಿಪಡಿಸಿದ ಮೇಲೆ ಬಲ್ಬಿನ ಬುಡದಲ್ಲಿ 13.2 ವೋಲ್ಟು ಬಂತು. ಬೆಳಕು ಹೆಚ್ಚುಕಡಿಮೆ ಒಂದೂವರೆಯಷ್ಟಾಯಿತು.

ನಾಲ್ಕನೆಯ ಹೆಜ್ಜೆ: ಗುರಿ ಕಟ್ಟುವುದು

ಬೆಳಕು ಎಷ್ಟಿದೆ ಎಂಬುದರಷ್ಟೇ ಮುಖ್ಯ ಅದು ಎಲ್ಲಿ ಬೀಳುತ್ತದೆ ಎಂಬುದು. ಇದಕ್ಕೆ ಬೇಕಾದದ್ದು ಸಮನೆಲ, ಒಂದು ಗೋಡೆ, ಅಳತೆಯ ಟೇಪು, ಸೀಮೆಸುಣ್ಣ.

ಟೈರುಗಳಲ್ಲಿ ಗಾಳಿ ಸರಿಯಾಗಿರಲಿ. ಡ್ರೈವರು ಕೂತಿರಲಿ, ಬೇರೆ ಭಾರ ಬೇಡ. ದೀಪ ಏರಿಳಿಸುವ ತಿರುಗಣೆ ಇದ್ದರೆ ಅದನ್ನು ಸೊನ್ನೆಗೆ ಇಡಿ. ದೀಪದಿಂದ ಗೋಡೆಗೆ ಸರಿಯಾಗಿ 10 ಮೀಟರು ಇರುವಂತೆ ಗಾಡಿಯನ್ನು ನೇರವಾಗಿ ನಿಲ್ಲಿಸಿ. ನೆಲದಿಂದ ದೀಪದ ನಡುಮಧ್ಯಕ್ಕೆ ಎಷ್ಟು ಎತ್ತರವೆಂದು ಅಳೆದು, ಅದೇ ಎತ್ತರದಲ್ಲಿ ಗೋಡೆಯ ಮೇಲೆ ಒಂದು ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂಟಿಮೀಟರು ಬಿಟ್ಟು ಇನ್ನೊಂದು ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯ ಮೇಲೆ ಕೂರಬೇಕು. ಕೆಲವು ಗಾಡಿಗಳ ದೀಪದ ಬಳಿ 1.2% ಎಂಬಂಥ ಗುರುತು ಇರುತ್ತದೆ. ಹಾಗಿದ್ದರೆ 10ರ ಬದಲು 12 ಸೆಂಟಿಮೀಟರು ಎಂದರ್ಥ. ದೀಪದ ಹಿಂದೆ ಅಥವಾ ಬಳೆಯ ಪಕ್ಕದಲ್ಲಿರುವ ಸ್ಕ್ರೂವನ್ನು ತಿರುಗಿಸಿ ಹೊಂದಿಸಬಹುದು. ಒಂದು ದೀಪವನ್ನು ಮರೆಮಾಡಿ ಇನ್ನೊಂದನ್ನು ನೋಡಿ.

ಇದರ ಲೆಕ್ಕ ಸುಲಭ. ದೀಪ ನೆಲದಿಂದ 70 ಸೆಂಟಿಮೀಟರು ಎತ್ತರದಲ್ಲಿದೆ ಎನ್ನಿ. ಬೆಳಕಿನ ಅಂಚು 10 ಮೀಟರಿಗೆ 10 ಸೆಂಟಿಮೀಟರು ಇಳಿದರೆ ಅದು ನೆಲ ಮುಟ್ಟುವುದು 70 ಮೀಟರಿನಲ್ಲಿ. 20 ಸೆಂಟಿಮೀಟರು ಇಳಿದರೆ 35 ಮೀಟರಿನಲ್ಲೇ ಮುಗಿಯಿತು. ಬಲ್ಬೂ ಅದೇ, ಬ್ಯಾಟರಿಯೂ ಅದೇ, ಕಾಣುವ ದಾರಿ ಮಾತ್ರ ಅರ್ಧ! ಅಂಚು ಮೇಲಿನ ಗೆರೆಯನ್ನು ದಾಟಿದರೆ ಬೆಳಕು ನೆಲಕ್ಕೆ ಇಳಿಯುವುದೇ ಇಲ್ಲ, ಎದುರಿನವರ ಕಣ್ಣಿಗೇ ಹೋಗುತ್ತದೆ.

ಗೋಡೆಯ ಮೇಲೆ ಅಂಚು ಎಡಗಡೆಗೆ ಸ್ವಲ್ಪ ಮೇಲೇರಿರುವುದನ್ನು ಕಂಡು ಗಾಬರಿಯಾಗಬೇಡಿ. ನಾವು ರಸ್ತೆಯ ಎಡಗಡೆ ಹೋಗುವವರು. ಎಡಪಕ್ಕದಲ್ಲಿ ನಡೆಯುವವರು, ಸೈಕಲ್ಲಿನವರು ದೂರಕ್ಕೆ ಕಾಣಲೆಂದು ಹಾಗೆ ಮಾಡಿರುತ್ತಾರೆ. ಅದು ಬಲಗಡೆಗೆ ಏರಿದ್ದರೆ ಆ ದೀಪ ಬಲಗಡೆ ಓಡಾಡುವ ದೇಶದ್ದು, ನಮ್ಮ ರಸ್ತೆಗೆ ಸಲ್ಲದು.

ಇನ್ನೊಂದು ಮಾತು. ಹಿಂದೆ ಕ್ರೇಟು, ಮೂಟೆ ಹೇರಿದಾಗ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ತಿರುಗಣೆ ಇರುವ ಗಾಡಿಯಲ್ಲಿ ಭಾರಕ್ಕೆ ತಕ್ಕಂತೆ ಅದನ್ನು 1, 2, 3ಕ್ಕೆ ತಿರುಗಿಸಿ ಬೆಳಕನ್ನು ಇಳಿಸಬೇಕು. ಊರಿಗೆ ಬರಿದಾಗಿ ಹಿಂತಿರುಗುವಾಗ ಮತ್ತೆ ಸೊನ್ನೆಗೆ ತರಬೇಕು.

ಮಾಡಬಾರದ್ದು ಮತ್ತು ಕಾನೂನು

ಹ್ಯಾಲೊಜನ್ ದೀಪದೊಳಗೆ ಎಲ್‌ಇಡಿ ಬಲ್ಬನ್ನೋ, ಎಚ್‌ಐಡಿ ಬಲ್ಬನ್ನೋ ತುರುಕುವುದು ಈಗ ಎಲ್ಲ ಕಡೆ ಹಬ್ಬಿದ ಚಾಳಿ. ಆಗಲೇ ಹೇಳಿದಂತೆ ಕನ್ನಡಿಯನ್ನು ಲೆಕ್ಕ ಹಾಕಿದ್ದು ಆ ಸಣ್ಣ ತಂತಿಗೆ. ಎಲ್‌ಇಡಿಯ ಆಕಾರ ಬೇರೆ, ಬೆಳಕು ಹೊರಡುವ ಜಾಗ ಬೇರೆ. ಗಾಡಿಯ ಮುಂದೆಯೇ ಬಿಳಿಯಾಗಿ ಚೆಲ್ಲಿ ನಮ್ಮ ಕಣ್ಣಿಗೆ ಹಿತವಾಗಿ ಕಾಣುತ್ತದೆ, ಆದರೆ ಬೆಳಕು ದೂರಕ್ಕೆ ಸರಿಯಾಗಿ ಮುಟ್ಟದೆ ಎದುರಿನವರನ್ನು ಕುರುಡು ಮಾಡುತ್ತದೆ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಡನೆ ಬಂದ ಗಾಡಿಯ ಮಾತು ಬೇರೆ. ಅಲ್ಲಿ ಇಡೀ ದೀಪವನ್ನು ಅದಕ್ಕೆಂದೇ ಮಾಡಿ, ಪರೀಕ್ಷೆ ಮಾಡಿ, ಒಪ್ಪಿಗೆ ಪಡೆದಿರುತ್ತಾರೆ.

ಕಾನೂನು ಹೇಳುವುದೂ ಇದನ್ನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯ ನಿಯಮದ ಪ್ರಕಾರ ರಾತ್ರಿ ಗಾಡಿಯ ದೀಪದಿಂದ 155 ಮೀಟರು ಮುಂದಿನ ಜನರೂ ವಾಹನಗಳೂ ಸ್ಪಷ್ಟವಾಗಿ ಕಾಣಬೇಕು. ಆದುದರಿಂದ ಮಂಕು ದೀಪವೂ ತಪ್ಪೇ. 106ನೆಯ ನಿಯಮದ ಪ್ರಕಾರ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಗೆ ಬಾಗಿರಬೇಕು, ಇಲ್ಲವೇ ಡ್ರೈವರು ಬೇಕೆಂದಾಗ ಬಾಗಿಸುವಂತಿರಬೇಕು. ದೀಪದಿಂದ 8 ಮೀಟರು ದೂರದಲ್ಲಿ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರು ಬಲಕ್ಕೆ, ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣು ಅದರ ಅಳತೆಗೋಲು. ಅಂದರೆ ಎದುರು ಬರುವವರ ಕಣ್ಣು. ಗಾಡಿಯ ಮುಂದೆ ಸರ್ಚ್‌ಲೈಟು, ಸ್ಪಾಟ್‌ಲೈಟು ಕಟ್ಟುವುದನ್ನು 111ನೆಯ ನಿಯಮ ತಡೆಯುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸಿದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದ ಬಿಡಿಭಾಗ ಹಾಕಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ರಾಜ್ಯದಲ್ಲೆಲ್ಲ ಕ್ರಮ ಕೈಗೊಂಡದ್ದು ಹಲವರಿಗೆ ನೆನಪಿರಬಹುದು. ತೊಳೆಯುವುದು, ಸರಿಯಾದ ಬಲ್ಬು ಹಾಕುವುದು, ವೈರು ರಿಪೇರಿ ಮಾಡಿಸುವುದು, ಗುರಿ ಕಟ್ಟುವುದು ಇವೆಲ್ಲ ದುರಸ್ತಿಯ ಕೆಲಸಗಳು. ಇವಕ್ಕೆ ಯಾರ ಅಂಜಿಕೆಯೂ ಬೇಡ.

ಟ್ರ್ಯಾಕ್ಟರಿನವರಿಗೆ

ಮೇಲಿನ ನಾಲ್ಕು ಹೆಜ್ಜೆಗಳೂ ಟ್ರ್ಯಾಕ್ಟರಿಗೂ ಸಲ್ಲುತ್ತವೆ. ಅದರ ಹಿಂದಿನ ಬಿಳಿ ದೀಪ ರಾತ್ರಿ ಉಳುವಾಗ ನೇಗಿಲು ಕಾಣಲೆಂದು ಇರುವುದು. ರಸ್ತೆಗೆ ಇಳಿದೊಡನೆ ಅದನ್ನು ಆರಿಸಬೇಕು. ಹಿಂದಿನಿಂದ ಬರುವವರು ಆ ಬಿಳಿ ಬೆಳಕನ್ನು ಕಂಡು ಎದುರಿನಿಂದ ಗಾಡಿ ಬರುತ್ತಿದೆ ಎಂದು ಮೋಸಹೋಗುತ್ತಾರೆ. ಟ್ರೇಲರಿನ ಹಿಂದೆ ಕೆಂಪು ದೀಪ, ಕೆಂಪು ಪ್ರತಿಫಲಕ ಇರಲಿ. ಮಣ್ಣು ಹಿಡಿದಿದ್ದರೆ ಹೊರಡುವ ಮೊದಲು ಒರೆಸಿ. ಎತ್ತಿನ ಗಾಡಿಯವರೂ ಹಿಂದೆ ಕೆಂಪು ಪ್ರತಿಫಲಕವನ್ನು ಅಂಟಿಸಿಕೊಂಡರೆ ಎಷ್ಟೋ ಪ್ರಾಣ ಉಳಿಯುತ್ತದೆ. ಅಂದು ಆ ಹುಲ್ಲಿನ ಗಾಡಿಗೆ ಅದೊಂದಿದ್ದರೆ ನನ್ನ ಮಂಕು ದೀಪಕ್ಕೂ ಅದು ಕಾಣುತ್ತಿತ್ತು.

ದೀಪವೆಲ್ಲ ಸರಿಯಾದ ಮೇಲೂ ರಾತ್ರಿ ದಾರಿ ಕಾಣದಿದ್ದರೆ, ಕುಂದು ದೀಪದಲ್ಲಿಲ್ಲ, ನಮ್ಮ ಕಣ್ಣಿನಲ್ಲಿರಬಹುದು. ವಯಸ್ಸಾದಂತೆ ಪೊರೆ ಬರುತ್ತದೆ, ಎದುರಿನ ಬೆಳಕು ಹೊಡೆದ ಮೇಲೆ ಕಣ್ಣು ಚೇತರಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಲವತ್ತು ದಾಟಿದವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಮಾತು

ಹೆಗಲ ಮೂಳೆ ಕೂಡಿದ ಮೇಲೆ ಆ ಹಿರಿಯರು ಮತ್ತೆ ಹಾಲು ತರಲು ಹೊರಟರು. ಕಳೆದ ತಿಂಗಳು ನಸುಕಿನಲ್ಲಿ ಅದೇ ಮೋರಿಯ ಹತ್ತಿರ ಎದುರಾದರು. ದೂರದಲ್ಲಿಯೇ ಡಿಮ್ ಮಾಡಿ, ಪಕ್ಕಕ್ಕೆ ಸರಿದು, ನಿಧಾನ ಮಾಡಿದೆ. ಅವರು ಒಂದು ಕೈ ಎತ್ತಿ ಹಾಗೆಯೇ ಮುಂದೆ ಹೋದರು. ಎದುರಿನ ಗಾಡಿ ಯಾರದೆಂದು ಅವರಿಗೆ ಗುರುತು ಹತ್ತಿತೋ ಇಲ್ಲವೋ ತಿಳಿಯದು. ಅವರ ಕಣ್ಣಿಗೆ ದಾರಿ ಕಂಡಿತು, ನನ್ನ ಕಣ್ಣಿಗೂ ಕಂಡಿತು. ಒಳ್ಳೆಯ ದೀಪವೆಂದರೆ ಇಷ್ಟೇ.

ಗೋಡೆಯ ಪರೀಕ್ಷೆಯನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಊರಿನವರು ಸೇರಿ ಮಾಡುವುದು ಸುಲಭ. ಶಾಲೆಯ ಮುಂದಿನ ಸಮನೆಲದಲ್ಲಿ, ಹೆಡ್‌ಮಾಸ್ತರ ಅಪ್ಪಣೆ ಪಡೆದು, ಗೋಡೆಗೆ ಒಮ್ಮೆ ಅಳತೆ ಬರೆದಿಟ್ಟರೆ ಊರಿನ ಎಲ್ಲ ಗಾಡಿಗಳೂ ಒಂದೇ ಸಂಜೆ ಮುಗಿಯುತ್ತವೆ. ಸೀಮೆಸುಣ್ಣ, ಟೇಪು, ಮಲ್ಟಿಮೀಟರು ನನ್ನ ಬಳಿ ಇವೆ. ನಿಮ್ಮ ಊರಿನಲ್ಲಿ ನಾಲ್ಕು ಗಾಡಿಯವರು ಸೇರಿ ಹೇಳಿ ಕಳುಹಿಸಿದರೆ ಬರುತ್ತೇನೆ. ಬರುವಾಗ ನೀವು ತರಬೇಕಾದದ್ದು ಒಂದು ಬಕೆಟ್ಟು ನೀರು ಮತ್ತು ಮೆತ್ತನೆಯ ಹಳೆಯ ಬಟ್ಟೆ. ಬತ್ತಿ ಎತ್ತುವ ಮೊದಲು ಗಾಜು ಒರೆಸೋಣ.